ಆ ದುಂಡು ತಟ್ಟೆ ಯಾವ ಇಸವಿಯದು ಸ್ವಾಮಿ?

ಆನ್‌ಸೈಟ್ ಅಂತ ಬಾಸ್ಟನ್‌ಗೆ ಹೋಗಿದ್ದಾಗ ಒಂದು ಶನಿವಾರ, ಚಾರ್ಲ್ಸ್‌ಟೌನ್‌ನಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿರುವ ಕ್ಯಾಸಿನ್ ಯಂಗ್ ಎಂಬ ಡೆಸ್ಟ್ರಾಯರ್ ನೋಡಿ ಬಂದೆ. 1943ರ ಕೊನೆಯ ದಿನ ಅಮೆರಿಕದ ನೌಕಾಪಡೆ ಸೇರಿದ ಯುದ್ಧನೌಕೆ. ಮೇಲುಗಡೆ ದೊಡ್ಡ ಪೆಟ್ಟಿಗೆಯಂಥ ಗನ್ ಡೈರೆಕ್ಟರ್, ಅದರ ನೆತ್ತಿಯ ಮೇಲೊಂದು ದುಂಡು ತಟ್ಟೆ. ಫೋಟೋ ತೆಗೆದು "ಕಾಮಿಕಾಝೆಗಳನ್ನು ಎದುರಿಸಿದ ಕಣ್ಣು" ಅಂತ ಬರೆದು ಗೆಳೆಯರಿಗೆಲ್ಲ ಕಳಿಸಿದೆ. ಆಮೇಲೆ ಓದುತ್ತಾ ಹೋದರೆ, ನಾನು ಬರೆದದ್ದು ಶುದ್ಧ ಸುಳ್ಳು! ಆ ತಟ್ಟೆ ಯುದ್ಧ ಮುಗಿದ ಮೇಲೆ ಬಂದದ್ದು.

ಈ ಡೈರೆಕ್ಟರಿನ ಹೆಸರು ಮಾರ್ಕ್ 37. ಒಳಗೆ ಕೂತವರು ಗುರಿಯ ದಿಕ್ಕು, ಎತ್ತರ, ದೂರ ಅಳೆಯುತ್ತಿದ್ದರು. ದೂರ ಅಳೆಯುವ 15 ಅಡಿಯ ದುರ್ಬೀನು ಎರಡೂ ಪಕ್ಕ ಕಿವಿಗಳ ಹಾಗೆ ಚಾಚಿರುತ್ತದೆ. ಲೆಕ್ಕವೆಲ್ಲ ಕೆಳಗಿನ ಕೋಣೆಯ ಮಾರ್ಕ್ 1 ಕಂಪ್ಯೂಟರಿಗೆ ಹೋಗುತ್ತಿತ್ತು. ಬರೀ ಗೇರು, ಕ್ಯಾಮುಗಳ ಯಂತ್ರ, ಒಂದು ಸಾಲು ಕೋಡ್ ಇಲ್ಲ! ಗುಂಡು ತಲುಪುವ ಹೊತ್ತಿಗೆ ವಿಮಾನ ಎಲ್ಲಿರುತ್ತದೆ ಅಂತ ಅದು ಹೇಳುತ್ತಿತ್ತು.

ಕಾಲ ಗುರುತಿಸಬೇಕಾದರೆ ಪೆಟ್ಟಿಗೆ ಬಿಡಿ, ಅದರ ನೆತ್ತಿ ನೋಡಿ. ಅರ್ಧ ಸೀಳಿದ ಕೊಳವೆಯಂಥ ಎರಡು ಆಂಟೆನಾ ಮಾತ್ರ ಇದ್ದರೆ ಮಾರ್ಕ್ 4, ಮೊದಲಿನದು. ನೀರಿಗೆ ಹತ್ತಿರವಾಗಿ ಹಾರಿ ಬರುವ ವಿಮಾನದ ಎತ್ತರ ಅದಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಮಾರ್ಕ್ 12 ಬಂತು, ಅದರ ಪಕ್ಕದಲ್ಲೇ ಕಿತ್ತಳೆ ಸಿಪ್ಪೆಯಂಥ ಮಾರ್ಕ್ 22. ದುಂಡು ತಟ್ಟೆ ಇದ್ದರೆ ಮಾರ್ಕ್ 25, ಯುದ್ಧಾನಂತರದ್ದು.

"ಅಲ್ಲಾ ಮಾರಾಯ, ಇದನ್ನೆಲ್ಲ ತಗೊಂಡು ಯಾರಿಗೇನಾಗಬೇಕು?" ಅಂತ ಕೇಳುವವರಿದ್ದಾರೆ. ಕೇಳಿ. ಈ ಹಡಗಿಗೆ 1945ರ ಏಪ್ರಿಲ್ 12 ಮತ್ತು ಜುಲೈ 30ರಂದು, ಎರಡು ಸಲ ಕಾಮಿಕಾಝೆ ಬಡಿಯಿತು. ಎರಡನೇ ಸಲ 22 ಜನ ಸತ್ತರು. ಆ ಹುಡುಗರ ಕೈಯಲ್ಲಿ ಈ ತಟ್ಟೆ ಇರಲಿಲ್ಲ. ಇಲ್ಲದ ಸಾಧನವನ್ನು ಇತ್ತು ಅಂತ ಬರೆದರೆ ಅವರು ಎಷ್ಟು ಕಡಿಮೆಯಲ್ಲಿ ಹೋರಾಡಿದರು ಅನ್ನುವುದನ್ನೇ ಅಳಿಸಿದ ಹಾಗೆ.

ಇನ್ನೊಂದು ಗುಂಪಿನವರು "ತಟ್ಟೆ ಕಿತ್ತು ಹಾಕಿ, 1945ರ ಹಾಗೆ ಮಾಡಿ" ಅನ್ನುತ್ತಾರೆ. ಅದಕ್ಕೂ ನಾನು ಒಪ್ಪಲ್ಲ. 1951ರಲ್ಲಿ ಮತ್ತೆ ಸೇವೆಗೆ ಬಂದು 1960ರವರೆಗೆ ಓಡಿದ ಹಡಗು ಇದು. ಆ ವರ್ಷಗಳಲ್ಲಿ ದುಡಿದವರು ಇದರವರಲ್ಲವೇ? ಇದೇ ಜಾತಿಯ ಕಿಡ್ ಹಡಗನ್ನು 1945ರ ರೂಪಕ್ಕೆ ತಂದು, ಹಾಗಂತ ಹೇಳಿಯೇ ತೋರಿಸುತ್ತಾರೆ. ಅದು ಪ್ರಾಮಾಣಿಕತೆ. ಲಂಡನ್ನಿನ ಬೆಲ್‌ಫಾಸ್ಟ್ ನೋಡಿ, ಮೈಮೇಲೆ ಎರಡನೇ ಮಹಾಯುದ್ಧದ ಬಣ್ಣ, ಆದರೆ ಜಾಲರಿಯಂಥ ಕೂವೆಕಂಬಗಳೂ ಹತ್ತಿರದ ಗುರಿಯ ಡೈರೆಕ್ಟರುಗಳೂ 1959ರಲ್ಲಿ ಮುಗಿದ ನವೀಕರಣದವು. ಬಣ್ಣ ನೋಡಿ ಇಸವಿ ಹೇಳಿದಿರೋ, ಕೆಟ್ಟಿರಿ :)

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಡೈರೆಕ್ಟರಿನ ಕೆಳಗೂ ಒಂದೇ ಸಾಲು, "ಇದು ಇಂಥ ಇಸವಿಯ ರೂಪ" ಅಂತ. ವರ್ಷನ್ ನಂಬರ್ ಇಲ್ಲದೆ ಕೋಡ್ ಕಳಿಸಿದರೆ ಆಫೀಸಿನಲ್ಲಿ ನಮಗೆ ಮಂಗಳಾರತಿ ಆಗುತ್ತದೆ. ಜನ ಸತ್ತ ಹಡಗಿಗೆ ಅಷ್ಟೂ ಬೇಡವೇ?

ನನ್ನ ಫೋಟೋದ ಅಡಿಬರಹ ತಿದ್ದಿದ್ದೇನೆ. ನಿಮ್ಮ ಆಲ್ಬಮ್‌ನಲ್ಲೂ ಇಂಥದೊಂದು ಇದ್ದರೆ ನೆತ್ತಿ ನೋಡಿ, ಆಮೇಲೆ ಇಸವಿ ಬರೆಯಿರಿ. ಏನಂತೀರಿ?