ಗೆದ್ದ ದಿನದ ವಿಮರ್ಶೆ

ಗೆದ್ದ ಮೇಲೆ ಆಟಗಾರರ ತಪ್ಪು ಎತ್ತಿ ಆಡಬಾರದು, ಮೂರು ಅಂಕ ಬಂದಿವೆ, ಅಷ್ಟು ಸಾಕು ಎಂಬ ಮಾತು ಫುಟ್‌ಬಾಲ್ ಅಭಿಮಾನಿಗಳ ನಡುವೆ ಶಿಷ್ಟಾಚಾರವೊಂದರ ಮಟ್ಟಕ್ಕೆ ಬೆಳೆದು ನಿಂತಿದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಗೆದ್ದ ರಾತ್ರಿ, ಬಲಬದಿಯ ರಕ್ಷಣಾ ಆಟಗಾರ ಪದೇ ಪದೇ ತನ್ನ ಜಾಗ ಬಿಟ್ಟು ಮುಂದೆ ಹೋದದ್ದನ್ನು ಯಾರಾದರೂ ಪ್ರಸ್ತಾಪಿಸಿದರೆ, ಉತ್ತರವಾಗಿ ಆಟದ ಚರ್ಚೆ ಬರುವುದಿಲ್ಲ. ಹೇಳಿದವನ ನಿಷ್ಠೆಯ ಬಗ್ಗೆ ಅನುಮಾನ ಬರುತ್ತದೆ. ಈ ಧೋರಣೆ ಮೇಲ್ನೋಟಕ್ಕೆ ಉದಾರವಾಗಿ ಕಂಡರೂ ಆಟವನ್ನೂ ಆಟಗಾರನನ್ನೂ ಕುಗ್ಗಿಸುವಂಥದ್ದು. ಆಟಗಾರರ ಸಾಧನೆಯನ್ನು ಅಳೆಯುವುದಕ್ಕೆ ಸೋತ ದಿನಕ್ಕಿಂತ ಗೆದ್ದ ದಿನವೇ ಹೆಚ್ಚು ತಕ್ಕದ್ದು. ಏಕೆಂದರೆ ಸೋಲು ತಪ್ಪುಗಳನ್ನು ತಾನಾಗಿಯೇ ಎತ್ತಿ ತೋರಿಸುತ್ತದೆ, ಗೆಲುವಾದರೋ ತಪ್ಪನ್ನು ಮಾತ್ರವಲ್ಲದೆ ಗೋಲಿನ ಲೆಕ್ಕಕ್ಕೆ ಸೇರದ ಒಳ್ಳೆಯ ಕೆಲಸವನ್ನೂ ಮರೆಮಾಡುತ್ತದೆ.

ಇದಕ್ಕೆ ಕನ್ನಡ ನಾಡಿನ ಅಭಿಮಾನಿಗಳು ಚೆನ್ನಾಗಿ ಬಲ್ಲ ಉದಾಹರಣೆಯೊಂದಿದೆ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡ ಎಫ್‌ಸಿ ಗೋವಾವನ್ನು 1–0ಯಿಂದ ಸೋಲಿಸಿತು. ನಿಗದಿತ 90 ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯದೆ ಆಟ 30 ನಿಮಿಷಗಳ ಹೆಚ್ಚುವರಿ ಅವಧಿಗೆ ಹೋಯಿತು. ಆ ಅವಧಿಯ ಮೊದಲರ್ಧದ ಕೊನೆಗೆ ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರನಡೆದರು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ದಿಮಾಸ್ ದೆಲ್ಗಾದೊ ಹೊಡೆದ ಕಾರ್ನರ್ ಕಿಕ್‌ಗೆ ರಕ್ಷಣಾ ಆಟಗಾರ ರಾಹುಲ್ ಭೇಕೆ ತಲೆಕೊಟ್ಟು ಚೆಂಡನ್ನು ಬಲೆಗೆ ಸೇರಿಸಿದರು. ಲೀಗ್ ಪಟ್ಟಿಯ ಅಗ್ರಸ್ಥಾನದಲ್ಲಿದ್ದ ತಂಡವೇ ಫೈನಲ್ ಗೆದ್ದದ್ದು ಆ ಟೂರ್ನಿಯಲ್ಲಿ ಅದೇ ಮೊದಲು. ಅಂದಿನಿಂದ ಆ ಗೆಲುವು ಭೇಕೆಯ ಹೆಸರಿನಲ್ಲಿ ನಿಂತಿದೆ, ಅದು ನ್ಯಾಯವೂ ಹೌದು. ಆದರೆ ಆ ಋತುವಿನ ಲೀಗ್ ಹಂತದಲ್ಲಿ ಅತಿ ಹೆಚ್ಚು ಗೋಲು ಹೊಡೆದಿದ್ದ ತಂಡ ಗೋವಾ. ಋತುವಿಡೀ 16 ಗೋಲು ಹೊಡೆದು ಗರಿಷ್ಠ ಗೋಲುಗಳ ಗೌರವಕ್ಕೆ ಪಾತ್ರರಾದ ಫೆರಾನ್ ಕೊರೊಮಿನಾಸ್ ಅದೇ ತಂಡದವರು. ಅಂಥ ತಂಡವನ್ನು, ಅಂಥ ಆಟಗಾರನನ್ನು 120 ನಿಮಿಷಗಳ ಕಾಲ ಬರಿಗೈಯಲ್ಲಿ ನಿಲ್ಲಿಸಿದ ಕೆಲಸ ಒಂದು ಕಾರ್ನರ್‌ನಲ್ಲಿ ಮುಗಿಯುವಂಥದ್ದಲ್ಲ. ಅದರಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಪಾಲಿದೆ, ಹಿಂಬದಿಯ ಸಾಲಿನ ಪ್ರತಿಯೊಬ್ಬನ ಪಾಲಿದೆ, ಮಧ್ಯಭಾಗದಲ್ಲಿ ನಿಂತು ಎದುರಾಳಿಯ ಪಾಸು ಹರಿಯುವ ದಾರಿಗಳನ್ನು ಮುಚ್ಚಿದವರ ಪಾಲಿದೆ, ಗೋಲು ಹೊಡೆಯುವ ಮುಂಚಿನ 116 ನಿಮಿಷಗಳ ಭೇಕೆಯ ಪಾಲೂ ಇದೆ. ಗೋಲು ಹೊಡೆದವನನ್ನಷ್ಟೇ ಮೆಚ್ಚಿ ಎದ್ದುಹೋದ ಅಭಿಮಾನಿ ಭೇಕೆಗೇ ಅನ್ಯಾಯ ಮಾಡಿದಂತಾಯಿತು.

ಒಂದು ವರ್ಷ ಹಿಂದಕ್ಕೆ ಹೋದರೆ ಚಿತ್ರ ತಿರುವುಮುರುವಾಗಿ ಕಾಣುತ್ತದೆ. 2018ರ ಅದೇ ಮಾರ್ಚ್ 17ರಂದು, ಕಂಠೀರವದಲ್ಲಿಯೇ ನಡೆದ ಫೈನಲ್‌ನಲ್ಲಿ, ಬೆಂಗಳೂರು ತಂಡ ಚೆನ್ನೈಯಿನ್ ಎಫ್‌ಸಿಗೆ 2–3ರಿಂದ ಸೋತಿತು. ಆ ಋತುವಿನಲ್ಲಿ ಬೆಂಗಳೂರು 40 ಅಂಕಗಳೊಡನೆ ಪಟ್ಟಿಯ ತುದಿಯಲ್ಲಿತ್ತು, ಚೆನ್ನೈಯಿನ್‌ಗೆ ಇದ್ದದ್ದು 32 ಅಂಕ. ಸುನಿಲ್ ಛೆಟ್ರಿ ಒಂಬತ್ತನೆಯ ನಿಮಿಷದಲ್ಲೇ ಗೋಲು ಹೊಡೆದು ಮುನ್ನಡೆ ಕೊಟ್ಟಿದ್ದರೂ, ಎದುರಾಳಿ ರಕ್ಷಣಾ ಆಟಗಾರ ಮೈಲ್ಸನ್ ಆಲ್ವಿಸ್ ಮೊದಲರ್ಧದಲ್ಲಿ ಎರಡು ಸಲ, ಎರಡೂ ಕಾರ್ನರ್‌ಗಳಿಂದ, ತಲೆಯಿಂದಲೇ ಗೋಲು ಹೊಡೆದರು. ಎಂಟು ಅಂಕಗಳ ಅಂತರ ಆ ಎರಡು ಕಾರ್ನರ್‌ಗಳ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ಸೋತ ಮರುದಿನ ಕಾರ್ನರ್ ರಕ್ಷಣೆಯ ಬಗ್ಗೆ ಮಾತಾಡದ ಅಭಿಮಾನಿ ಇರಲಾರ. ಆದರೆ ಗೆಲುವಿನ ಮೇಲೆ ಗೆಲುವು ಬರುತ್ತಿದ್ದ ತಿಂಗಳುಗಳಲ್ಲಿ, ಕಾರ್ನರ್ ಹೊಡೆತಕ್ಕೆ ಮೊದಲು ಯಾರು ಯಾರನ್ನು ಹಿಡಿದು ನಿಂತಿದ್ದಾರೆ, ಚೆಂಡು ಬರುವ ಮುಂಚೆ ಯಾರ ಕಣ್ಣು ಎದುರಾಳಿಯಿಂದ ತಪ್ಪಿತು, ಹತ್ತಿರದ ಗೋಲ್‌ಕಂಬದ ಬಳಿ ಯಾರೂ ಇಲ್ಲದ ಜಾಗ ಎಷ್ಟಿತ್ತು ಎಂಬುದನ್ನು ನೋಡುವ ಅಭ್ಯಾಸ ಇದ್ದವರಿಗೆ ಮಾತ್ರ ಅಂಥ ಸೋಲು ಆಕಸ್ಮಿಕವೋ ಅಲ್ಲವೋ ಎಂದು ಹೇಳುವ ಅಧಿಕಾರ ಬರುತ್ತದೆ.

ಫಲಿತಾಂಶ ಬೇರೆ, ಗುಣ ಬೇರೆ ಎಂಬ ಈ ವಿವೇಕ ರಾಮನಗರ ಸೀಮೆಯವರಿಗೆ ಹೊಸದಲ್ಲ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರು ತಂದು ಸುರಿದ ಲಾಟಿನ ಮುಂದೆ ರೀಲರ್, ಅಂದರೆ ಗೂಡಿನಿಂದ ನೂಲು ಬಿಚ್ಚುವ ಉದ್ಯಮಿ, ಒಂದು ಹಿಡಿ ಗೂಡು ಎತ್ತಿಕೊಂಡು ಬೆರಳಿನಿಂದ ಒತ್ತಿ ನೋಡುತ್ತಾನೆ, ಅಲುಗಿಸಿ ನೋಡುತ್ತಾನೆ, ಕಲೆಯಾದ ಗೂಡು, ಜೋಡಿ ಗೂಡು ಎಷ್ಟಿವೆ ಎಂದು ಕಣ್ಣಾಡಿಸುತ್ತಾನೆ. ಹರಾಜಿನಲ್ಲಿ ಬಂದ ದರ ಆ ದಿನದ ಬೇಡಿಕೆಯನ್ನು, ಬಂದ ಮಾಲಿನ ಪ್ರಮಾಣವನ್ನು, ಮಳೆ ಬಿಸಿಲನ್ನು ಅವಲಂಬಿಸಿರುತ್ತದೆ. ಆದ್ದರಿಂದ ಸಾಧಾರಣ ಲಾಟಿಗೂ ಒಂದೊಂದು ದಿನ ಒಳ್ಳೆಯ ದರ ಸಿಕ್ಕೀತು. ಆದರೆ ಗೂಡಿನ ನಿಜವಾದ ಗುಣ ಗೊತ್ತಾಗುವುದು ಬಿಚ್ಚಾಣಿಕೆಯಲ್ಲಿ, ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕದಲ್ಲಿ. ಈ ಲೆಕ್ಕಕ್ಕೆ ಕಸುಬಿನವರು ರೆಂಡಿಟ್ಟಾ ಎನ್ನುತ್ತಾರೆ. ಅದು ಕಡಿಮೆಯಾದಷ್ಟೂ ಗೂಡು ಒಳ್ಳೆಯದು. ಒಳ್ಳೆಯ ದರ ಸಿಕ್ಕಿತೆಂದು ಮುಂದಿನ ಬೆಳೆಗೆ ಹುಳುಮನೆಯ ಶುಚಿತ್ವವನ್ನು ಕೈಬಿಡುವ ರೈತ ಇಲ್ಲ. ದರ ಸಿಕ್ಕ ದಿನವೂ ಆತ ತನ್ನ ಗೂಡಿನಲ್ಲಿ ಏನು ಕೊರತೆಯಿತ್ತೆಂದು ರೀಲರ್‌ನನ್ನು ಕೇಳಿ ತಿಳಿಯುತ್ತಾನೆ. ಪಂದ್ಯದ ಫಲಿತಾಂಶ ಹರಾಜಿನ ದರಕ್ಕೆ ಸಮ, ಆಟಗಾರನ ಸಾಧನೆ ಬಿಚ್ಚಾಣಿಕೆಯ ಲೆಕ್ಕಕ್ಕೆ ಸಮ. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವುದು ಮಾರುಕಟ್ಟೆಯಲ್ಲಿ ನಡೆಯದ ಮೇಲೆ ಮೈದಾನದಲ್ಲಿ ಏಕೆ ನಡೆಯಬೇಕು?

ಫುಟ್‌ಬಾಲ್‌ನಲ್ಲಿ ಈ ಅಂತರ ಉಳಿದ ಆಟಗಳಿಗಿಂತ ಹೆಚ್ಚು, ಅದಕ್ಕೆ ಕಾರಣ ಗೋಲುಗಳ ವಿರಳತೆ. ಕಬಡ್ಡಿಯಲ್ಲಿ ಒಂದು ಪಂದ್ಯಕ್ಕೆ ಹತ್ತಾರು ಅಂಕಗಳು ಬರುವುದರಿಂದ ಅದೃಷ್ಟದ ಒಂದೆರಡು ಅಂಕ ಉಳಿದವುಗಳಲ್ಲಿ ಕರಗಿಹೋಗುತ್ತವೆ. ಫುಟ್‌ಬಾಲ್‌ನಲ್ಲಿ ಇಡೀ ಸಂಜೆಗೆ ಒಂದೇ ಗೋಲು ಬಂದರೆ, ಚೆಂಡು ಯಾರದೋ ಮೊಣಕಾಲಿಗೆ ತಾಗಿ ದಿಕ್ಕು ಬದಲಿಸಿದ್ದೇ ತೀರ್ಪಾಗಬಹುದು. ಈ ತೊಡಕನ್ನು ನಿವಾರಿಸಲು ಇತ್ತೀಚೆಗೆ ‘ನಿರೀಕ್ಷಿತ ಗೋಲು’ ಎಂಬ ಅಳತೆ ಬಳಕೆಗೆ ಬಂದಿದೆ: ಪ್ರತಿ ಹೊಡೆತವೂ ಎಷ್ಟು ದೂರದಿಂದ, ಯಾವ ಕೋನದಿಂದ, ತಲೆಯಿಂದಲೋ ಕಾಲಿನಿಂದಲೋ ಬಂತೆಂದು ನೋಡಿ, ಅಂಥ ಹೊಡೆತಗಳು ಸಾಮಾನ್ಯವಾಗಿ ಎಷ್ಟು ಬಾರಿ ಗೋಲಾಗುತ್ತವೆ ಎಂಬ ಸಂಭವನೀಯತೆಯನ್ನು ಅದಕ್ಕೆ ಕೊಡಲಾಗುತ್ತದೆ; ಪೆನಾಲ್ಟಿ ಹೊಡೆತಕ್ಕೆ ಈ ಬೆಲೆ ಮುಕ್ಕಾಲಿಗೂ ತುಸು ಹೆಚ್ಚು. ಇದು ಉಪಯುಕ್ತವಾದ ಅಳತೆಯೇ. ಆದರೂ ಅದು ಹೊಡೆತವನ್ನು ಎಣಿಸುತ್ತದೆ, ಹೊಡೆಯಲು ಅವಕಾಶವೇ ಸಿಗದಂತೆ ಮಾಡಿದ ರಕ್ಷಕನನ್ನು ಎಣಿಸುವುದಿಲ್ಲ. ಎಣಿಕೆಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಾಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ ಸಾಕ್ಷಿ. 1950ರಿಂದ ದಶಕಗಳ ಕಾಲ ಪಂದ್ಯಗಳನ್ನು ಕೈಯಾರೆ ಬರೆದುಕೊಂಡ ಆತ, ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳ ಬಳಿಕ ಬರುತ್ತವೆಂದು ಕಂಡು, ಚೆಂಡನ್ನು ಬೇಗ ಮುಂದಕ್ಕೆ ಉದ್ದವಾಗಿ ಒದೆಯುವುದೇ ಒಳ್ಳೆಯದೆಂದು ವಾದಿಸಿದರು. ಆಟದಲ್ಲಿ ಬಹುಪಾಲು ಚಲನೆಗಳೇ ಮೂರು ಪಾಸಿನೊಳಗೆ ಮುರಿದುಬೀಳುತ್ತವೆ, ಹಾಗಾಗಿ ಗೋಲುಗಳೂ ಅಲ್ಲಿಯೇ ಹೆಚ್ಚು ಕಾಣುವುದು ಸಹಜ ಎಂಬ ಸರಳ ವಿಷಯ ಅವರ ಲೆಕ್ಕದಿಂದ ತಪ್ಪಿಹೋಗಿತ್ತು. ಇನ್ನು ಪಂದ್ಯ ಮುಗಿದ ಕ್ಷಣಕ್ಕೆ ಮೊಬೈಲ್ ಪರದೆಯ ಮೇಲೆ ಬಂದುಬೀಳುವ ‘ಹತ್ತಕ್ಕೆ 7.4’ ಬಗೆಯ ಅಂಕಗಳ ವಿಷಯ. ಫ್ರಾನ್ಸಿನ ಲೆಕಿಪ್ ಪತ್ರಿಕೆ, ಇಟಲಿಯ ಕ್ರೀಡಾಪತ್ರಿಕೆಗಳು ಆಟಗಾರರಿಗೆ ಹತ್ತಕ್ಕೆ ಅಂಕ ಕೊಡುವುದು ಹಳೆಯ ಪದ್ಧತಿ. ಆದರೆ ಅಲ್ಲಿ ಅಂಕದ ಪಕ್ಕದಲ್ಲಿ ಪಂದ್ಯ ನೋಡಿದ ವರದಿಗಾರನ ವಿವರಣೆಯೂ ಇರುತ್ತದೆ. ವಿವರಣೆ ಇಲ್ಲದ ಅಂಕವನ್ನು ಒಪ್ಪಿಕೊಂಡ ಅಭಿಮಾನಿ ನೋಡುವ ಹೊಣೆಯನ್ನೇ ಬೇರೆಯವರಿಗೆ ವಹಿಸಿದ್ದಾನೆ.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ಎರಡು ಗೌರವಕ್ಕೆ ಅರ್ಹವಾದವು. ಆಟದ ಗುರಿಯೇ ಗೆಲುವಾಗಿರುವಾಗ, ಗೆಲ್ಲುವುದಕ್ಕೆ ಬೇಕಾದಷ್ಟನ್ನು ಮಾಡಿದ ಆಟಗಾರನನ್ನು ಬೇರೊಂದು ಅಳತೆಗೋಲಿನಿಂದ ಅಳೆಯುವುದು ಸರಿಯೇ ಎಂಬುದು ಮೊದಲನೆಯದು. 1–0ಯಿಂದ ಮುಂದಿರುವ ತಂಡ ಹಿಂದೆ ಸರಿದು ಕಾವಲು ಕಾಯುವುದು ಹೇಡಿತನವಲ್ಲ, ಅದೂ ಒಂದು ಕೌಶಲ. ಅಂದವಾಗಿ ಆಡಲಿಲ್ಲ ಎಂದು ಅಂಥ ಗೆಲುವನ್ನು ಹೀಗಳೆಯುವವರು ಆಟಕ್ಕೆ ಸಲ್ಲದ ಬೇಡಿಕೆಯನ್ನು ಒಡ್ಡುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ಇದು ವಿಮರ್ಶೆಯ ವಿರುದ್ಧದ ವಾದವಲ್ಲ, ಇನ್ನೂ ಒಳ್ಳೆಯ ವಿಮರ್ಶೆ ಬೇಕೆಂಬ ವಾದ: ಕಾವಲು ಕಾದವರು ಯಾರು, ಹೇಗೆ ಕಾದರು ಎಂದು ಗುರುತಿಸದೆ ಆ ಕೌಶಲವನ್ನು ಮೆಚ್ಚುವುದಾದರೂ ಹೇಗೆ? ಎರಡನೆಯ ವಾದ ಇನ್ನೂ ಗಟ್ಟಿಯಾದದ್ದು. ತರಬೇತುದಾರ ಆಟಗಾರನಿಗೆ ಏನು ಹೇಳಿ ಕಳಿಸಿದ್ದ, ಆತ ನೋವು ನುಂಗಿಕೊಂಡು ಆಡುತ್ತಿದ್ದನೇ ಎಂಬುದು ಪ್ರೇಕ್ಷಕರ ಸಾಲಿನಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ದಡ್ಡತನದಂತೆ ಕಂಡದ್ದು ಆಜ್ಞೆಯ ಪಾಲನೆಯಾಗಿರಬಹುದು. ಇದನ್ನು ಒಪ್ಪಲೇಬೇಕು, ಮತ್ತು ಒಪ್ಪಿದಾಗ ಅಭಿಮಾನಿಯ ತೀರ್ಪಿಗೆ ಒಂದು ಎಲ್ಲೆ ಬೀಳುತ್ತದೆ: ಆತ ಏನು ನಡೆಯಿತು ಎಂದು ಹೇಳಬಹುದು, ಏಕೆ ನಡೆಯಿತು ಎಂಬಲ್ಲಿ ತಡೆದು ಮಾತಾಡಬೇಕು. ಎಡಬದಿಯಲ್ಲಿ ಮೂರು ಸಲ ದಾರಿ ತೆರೆದುಕೊಂಡಿತು ಎನ್ನುವುದು ಸರಿ. ಎಡಬದಿಯ ರಕ್ಷಕನಿಗೆ ಮನಸ್ಸೇ ಇರಲಿಲ್ಲ ಎನ್ನುವುದು ಊಹೆ. ಸ್ವತಃ ಆಡದವರು ಮಾತಾಡಬಾರದು ಎಂಬ ಮೂರನೆಯ ಮಾತಿಗೆ, ಹಾಡು ಬಾರದವರು ಸಂಗೀತ ಕೇಳಬಾರದು ಎನ್ನುವಷ್ಟೇ ಬೆಲೆ.

ವಿಮರ್ಶೆ ಇಲ್ಲದ ಗೆಲುವು ಎಷ್ಟು ಬೇಗ ಬರಿದಾಗುತ್ತದೆ ಎಂಬುದನ್ನು 2023ರ ಮಾರ್ಚ್ 3ರ ಪಂದ್ಯ ತೋರಿಸಿತು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್‌ನಲ್ಲಿ, ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಅಡ್ಡಗೋಡೆ ಕಟ್ಟಿಕೊಳ್ಳುವ ಮುಂಚೆಯೇ ಛೆಟ್ರಿ ಫ್ರೀ ಕಿಕ್ ಅನ್ನು ಗೋಲಿಗೆ ಸೇರಿಸಿದರು. ರೆಫ್ರಿ ಗೋಲನ್ನು ಮಾನ್ಯ ಮಾಡಿದ್ದನ್ನು ಪ್ರತಿಭಟಿಸಿ ಕೇರಳ ತಂಡ ಮೈದಾನ ಬಿಟ್ಟು ಹೊರಟಿತು, ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಆ ಬಳಿಕ ನಡೆದ ಚರ್ಚೆಯೆಲ್ಲ ಆ ಒಂದು ಹೊಡೆತದ ನ್ಯಾಯ ಅನ್ಯಾಯದ ಸುತ್ತಲೇ. ಅದಕ್ಕೂ ಮುಂಚೆ 90 ನಿಮಿಷಗಳಿಗೂ ಮೀರಿ ಗೋಲಿಲ್ಲದೆ ನಡೆದ ಹೋರಾಟದಲ್ಲಿ ಯಾರು ತಂಡವನ್ನು ಹಿಡಿದು ನಿಲ್ಲಿಸಿದ್ದರು ಎಂಬ ಪ್ರಶ್ನೆ ಕೇಳಿಬರಲೇ ಇಲ್ಲ. ಗೋಲೊಂದನ್ನೇ ನೋಡುವ ಕಣ್ಣಿಗೆ ಅಂಥ ಪಂದ್ಯ ಜಗಳವಾಗಿ ಮಾತ್ರ ಉಳಿಯುತ್ತದೆ.

ಬೆಂಗಳೂರಿಗೆ ಇದಕ್ಕಿಂತ ಉತ್ತಮವಾದ ಪರಂಪರೆಯಿದೆ. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದ, ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾಗಿದ್ದ ಅಹ್ಮದ್ ಖಾನ್ ಬೆಂಗಳೂರಿನವರು. ಅವರನ್ನು ನೆನೆಯುವವರು ಗೋಲುಗಳ ಸಂಖ್ಯೆಗಿಂತ ಮೊದಲು ಚೆಂಡಿನ ಮೇಲೆ ಅವರಿಗಿದ್ದ ಹಿಡಿತವನ್ನು ನೆನೆಯುತ್ತಾರೆ. ಅಂಥ ನೆನಪು ಹುಟ್ಟುವುದು ನೋಡುವುದರಿಂದ. ಈಚಿನ ದೊಡ್ಡ ಗೆಲುವೊಂದರಲ್ಲಿ ಆ ನೋಟ ಕಾಣಲಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ ಅದೇ ಮೊದಲ ಗೆಲುವು. ಕರ್ನಾಟಕದ ಮೂರೂ ಗೋಲು ಮೊದಲರ್ಧದಲ್ಲೇ ಬಂದವು. ಎರಡನೆಯ ಅರ್ಧದಲ್ಲಿ ಒಂದು ಗೋಲು ಬಿಟ್ಟುಕೊಟ್ಟು, ಉಳಿದ ಸಮಯವೆಲ್ಲ ಒಂದೇ ಗೋಲಿನ ಅಂತರವನ್ನು ಕಾಪಾಡಿಕೊಂಡವರ ಬಗ್ಗೆ ಬರೆದದ್ದು ಎಷ್ಟು? ಅರ್ಧಶತಮಾನಕ್ಕೂ ಹೆಚ್ಚು ಕಾಯಿಸಿದ ಗೆಲುವಿನ ನಂತರವೂ ನಾಡಿಗೆ ಗೋಲು ಹೊಡೆದ ಸುನಿಲ್ ಕುಮಾರ್, ಬೆಕೆ ಓರಾಂ, ರಾಬಿನ್ ಯಾದವ್ ಎಂಬ ಮೂವರ ಹೆಸರು ತಲುಪಿದ್ದೇ ಹೆಚ್ಚು; ಅವರ ಹಿಂದಿನ ಸಾಲಿನವರ ಹೆಸರನ್ನು ಕೇಳಿದವರೇ ಕಡಿಮೆ.

ನೋಡುವ ಬಗೆಗೂ ನೋಡುವ ಜಾಗಕ್ಕೂ ಸಂಬಂಧವಿದೆ. ಚನ್ನಪಟ್ಟಣದಲ್ಲೋ ಮಾಗಡಿಯಲ್ಲೋ ಟಿ.ವಿ.ಯ ಮುಂದೆ ಕುಳಿತವನಿಗೆ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತಾ, ಚೆಂಡಿಲ್ಲದ ಆಟಗಾರರನ್ನು ಪರದೆಯ ಆಚೆಗೆ ತಳ್ಳಿಬಿಡುತ್ತದೆ. ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಡ್ಡಬಂದು ಮೈದಾನ ದೂರವಾಗುತ್ತದೆಂಬ ದೂರು ಹಳೆಯದು ಮತ್ತು ಸರಿಯಾದದ್ದು. ಆದರೂ ಅಲ್ಲಿನ ಮೇಲಿನ ಸಾಲಿನಲ್ಲಿ ಕುಳಿತವನಿಗೆ ಇಪ್ಪತ್ತೆರಡು ಮಂದಿಯೂ ಒಟ್ಟಿಗೆ ಕಾಣುತ್ತಾರೆ, ಎದುರಾಳಿ ಪಾಸು ಮಾಡುವ ಮುಂಚೆಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಆ ಪಾಸನ್ನೇ ಕೊಡಲಾಗದಂತೆ ಮಾಡಿದ ಮಿಡ್‌ಫೀಲ್ಡರ್ ಕಾಣುತ್ತಾನೆ. ಪಶ್ಚಿಮ ಭಾಗದಲ್ಲಿ ನಿಂತು 90 ನಿಮಿಷವೂ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗಕ್ಕೆ ಕಾಣುವ ಆಟ ಪರದೆಯ ಆಟಕ್ಕಿಂತ ದೊಡ್ಡದು, ಆದ್ದರಿಂದ ಅವರ ಹೊಣೆಯೂ ದೊಡ್ಡದು. ಆಟಗಾರನ ಊರು, ಮೈಬಣ್ಣ, ಸಂಬಳ, ಮನೆಯವರನ್ನು ಎಳೆತಂದು ಬೈಯುವುದನ್ನು ವಿಮರ್ಶೆಯೆಂದು ಕರೆಯಲಾಗದು. ಅದು ನೀಚತನ, ಗೆದ್ದ ದಿನವಾಗಲಿ ಸೋತ ದಿನವಾಗಲಿ ಅದಕ್ಕೆ ಯಾವ ಕ್ಷಮೆಯೂ ಇಲ್ಲ. ತಪ್ಪನ್ನು ಹೆಸರಿಟ್ಟು ಹೇಳುವ ಹಕ್ಕು, ಒಳ್ಳೆಯದನ್ನೂ ಹೆಸರಿಟ್ಟು ಹೇಳಬಲ್ಲವನಿಗೆ ಮಾತ್ರ ಸಲ್ಲುತ್ತದೆ.

ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳು ಈ ಕೆಲಸಕ್ಕೆ ನೆರವಾಗಬಲ್ಲವು. ಫುಟ್‌ಬಾಲ್ ಪಂದ್ಯದ ವರದಿ ಸಾಮಾನ್ಯವಾಗಿ ಗೋಲು ಹೊಡೆದವನ ಹೆಸರು, ನಿಮಿಷ, ಪಟ್ಟಿಯಲ್ಲಿನ ಸ್ಥಾನ ಇಷ್ಟಕ್ಕೆ ಮುಗಿದುಹೋಗುತ್ತದೆ. ಬೆಂಗಳೂರು ಅಥವಾ ಕರ್ನಾಟಕ ತಂಡ ಗೆದ್ದ ಮರುದಿನ, ಗೋಲು ಹೊಡೆಯದ ಒಬ್ಬ ಆಟಗಾರ ಆ ಪಂದ್ಯದಲ್ಲಿ ಮಾಡಿದ್ದೇನು ಎಂಬುದಕ್ಕೆ ಒಂದೇ ಒಂದು ಪ್ಯಾರಾ ಮೀಸಲಿಡುವುದಕ್ಕೆ ಹೆಚ್ಚಿನ ಜಾಗವಾಗಲಿ ಖರ್ಚಾಗಲಿ ಬೇಕಿಲ್ಲ. ಸಂಪಾದಕರು ಅದನ್ನು ಮುಂದಿನ ಋತುವಿನ ಮೊದಲ ಪಂದ್ಯದಿಂದಲೇ ಆರಂಭಿಸಬೇಕು, ಓದುಗರು ಅದನ್ನು ಕೇಳಿ ಪಡೆಯಬೇಕು.