ಮೀಟರಿನಿಂದೀಚೆಗಿನ ಹೊಣೆ

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ಪ್ರದೇಶದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು 2019ರಲ್ಲಿ ಪೂರ್ಣಗೊಂಡಿತು. ಆ ವಿದ್ಯುತ್ತು ಉನ್ನತ ವೋಲ್ಟೇಜಿನ ಮಾರ್ಗಗಳ ಮೂಲಕ ರಾಜ್ಯದ ಜಾಲವನ್ನು ಸೇರುತ್ತದೆ. ಮದಲೂರಿನ ಹಿಟ್ಟಿನ ಗಿರಣಿಗಾಗಲಿ, ಶಿರಾ, ಮಧುಗಿರಿ, ಕೊರಟಗೆರೆಗಳ ಎಣ್ಣೆ ಮಿಲ್ಲು ಹಾಗೂ ತೆಂಗಿನ ನಾರಿನ ಘಟಕಗಳಿಗಾಗಲಿ ತಲುಪುವ ವಿದ್ಯುತ್ತಿನ ಗುಣಮಟ್ಟವನ್ನು ನಿರ್ಧರಿಸುವುದು ಊರಿನ ಫೀಡರು, ಟ್ರಾನ್ಸ್‌ಫಾರ್ಮರು ಮತ್ತು ತಂತಿಗಳು. ನೆರೆಯಲ್ಲೇ ಉತ್ಪಾದನೆಯಾಗುತ್ತಿದೆ ಎಂಬ ಕಾರಣಕ್ಕೆ ಕೊನೆಯ ಕಂಬದ ವೋಲ್ಟೇಜು ಸುಧಾರಿಸದು.

ಕೃಷಿ ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ವಿದ್ಯುತ್ ಬಿಟ್ಟೊಡನೆ ನೂರಾರು ಮೋಟಾರುಗಳು ಏಕಕಾಲಕ್ಕೆ ಚಾಲನೆಗೊಳ್ಳುತ್ತವೆ. ಅದೇ ಮಾರ್ಗವನ್ನು ಅವಲಂಬಿಸಿದ ಘಟಕಗಳಲ್ಲಿ 415 ವೋಲ್ಟ್ ಇರಬೇಕಾದ ಕಡೆ 340ಕ್ಕೆ ಇಳಿದರೆ, ಮೋಟಾರಿನ ತಿರುಗುಬಲವು ಮೂರನೆಯ ಎರಡು ಭಾಗಕ್ಕೆ ಕುಸಿಯುತ್ತದೆ. ಹೊರೆ ಮಾತ್ರ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಉಷ್ಣತೆ ಮಿತಿಗಿಂತ 10 ಡಿಗ್ರಿ ಏರಿದಾಗಲೆಲ್ಲ ವೈಂಡಿಂಗಿನ ಆಯುಸ್ಸು ಸರಿಸುಮಾರು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರು ಒಪ್ಪಿದ ಲೆಕ್ಕ.

ಒಳ್ಳೆಯ ವಿದ್ಯುತ್ ಕೊಡುವುದು ಕಂಪನಿಯ ಕರ್ತವ್ಯವಾಗಿರುವಾಗ ಅದರ ಖರ್ಚನ್ನು ಉದ್ಯಮಿಯೇಕೆ ಹೊರಬೇಕು ಎಂಬ ವಾದವಿದೆ. ವಾದ ನ್ಯಾಯವಾದುದೇ. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೆಯ ಕಲಮು ಸೇವಾ ಮಾನದಂಡ ಪಾಲಿಸದ ಕಂಪನಿಯು ಬಾಧಿತರಿಗೆ ಪರಿಹಾರ ನೀಡಬೇಕೆಂದು ವಿಧಿಸುತ್ತದೆ. ಆದರೆ ಪರಿಹಾರ ಬರುವುದು ಹಾನಿಯಾದ ಮೇಲೆ, ಅದೂ ದಾಖಲೆಯಿದ್ದರೆ ಮಾತ್ರ. ಸುಟ್ಟ ಮೋಟಾರು ಅಲ್ಲಿಯವರೆಗೆ ಕಾಯುವುದಿಲ್ಲ.

ವಿಮೆಯಿದೆಯೆಂಬ ಧೈರ್ಯವೂ ಸಲ್ಲದು. ಸಾಮಾನ್ಯ ಅಗ್ನಿ ವಿಮೆಯಲ್ಲಿ ಶಾರ್ಟ್ ಸರ್ಕ್ಯೂಟ್ ಅಥವಾ ಅಧಿಕ ವೋಲ್ಟೇಜಿನಿಂದ ಕೆಟ್ಟ ಯಂತ್ರಕ್ಕೆ ರಕ್ಷಣೆ ಇಲ್ಲ. ಆ ಯಂತ್ರದಿಂದ ಬೆಂಕಿ ಹಬ್ಬಿ ಸುಟ್ಟ ಇತರ ಸ್ವತ್ತಿಗೆ ಮಾತ್ರ ಇದೆ. ಯಂತ್ರಕ್ಕೂ ರಕ್ಷಣೆ ಬೇಕಾದರೆ ಮೆಷಿನರಿ ಬ್ರೇಕ್‌ಡೌನ್ ಪಾಲಿಸಿ ಬೇರೆಯಾಗಿ ಪಡೆಯಬೇಕು.

ಅನೇಕರು ಮೊದಲು ಕೊಳ್ಳುವುದು ಸ್ಟೆಬಿಲೈಸರು. ಇದು ಕ್ರಮ ತಪ್ಪಿದ ವೆಚ್ಚ. ಮೊದಲನೆಯದು ಅರ್ಥಿಂಗ್ ಮತ್ತು ನ್ಯೂಟ್ರಲ್. ಈ ಒಣ ಸೀಮೆಯಲ್ಲಿ ಬೇಸಿಗೆಯ ಹೊತ್ತಿಗೆ ಅರ್ಥ್ ಗುಂಡಿಯ ತೇವ ಆರಿ, ಅದು ಇದ್ದೂ ಇಲ್ಲದಂತಾಗುತ್ತದೆ. ನೀರುಣಿಸಿ, ವರ್ಷಕ್ಕೊಮ್ಮೆ ಅಳತೆ ಮಾಡಿಸಬೇಕು. ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟಿನ ಉಪಕರಣಗಳ ಮೇಲೆ 400ರ ಸಮೀಪದ ವೋಲ್ಟೇಜು ಬೀಳಬಹುದು. ಕಂಪ್ಯೂಟರು, ತೂಕದ ಯಂತ್ರಗಳು ಸುಡಲು ಇದಿಷ್ಟೇ ಸಾಕು. ಎರಡನೆಯದು ಪ್ರತಿ ಮೋಟಾರಿಗೂ ಓವರ್‌ಲೋಡ್ ರಿಲೇ ಮತ್ತು ಸಿಂಗಲ್ ಫೇಸಿಂಗ್ ಪ್ರಿವೆಂಟರ್. ಅದರ ಬೆಲೆ ಒಂದು ರಿವೈಂಡಿಂಗ್ ಬಿಲ್ಲಿಗಿಂತ ಸಾಮಾನ್ಯವಾಗಿ ಕಡಿಮೆಯೇ. ಇವೆರಡೂ ಆದ ನಂತರವೇ, ಅಳತೆಯಿಂದ ಅಗತ್ಯವೆಂದು ಕಂಡರೆ, ಸರ್ವೋ ಸ್ಟೆಬಿಲೈಸರು.

ರಿವೈಂಡಿಂಗ್ ಬಿಲ್ಲು ರಿಪೇರಿ ಖಾತೆಯಲ್ಲಿ ಕಾಣಿಸುತ್ತದೆ. ಯಂತ್ರ ನಿಂತ ದಿನದ ಕೂಲಿ, ಸಾಲದ ಬಡ್ಡಿ, ಕೈತಪ್ಪಿದ ಆರ್ಡರು ಇವು ಯಾವ ಖಾತೆಯಲ್ಲೂ ಪ್ರತ್ಯೇಕವಾಗಿ ಕಾಣವು. ಮೂರು ವರ್ಷಗಳ ರಿಪೇರಿ ಖರ್ಚಿಗೆ ಇವನ್ನು ಸೇರಿಸಿ ನೋಡಿದರೆ ರಕ್ಷಣಾ ಸಾಧನಗಳ ವೆಚ್ಚ ಭಾರವೆನಿಸದು. ತೆರಿಗೆಗೊಳಪಡುವ ಸರಕು ತಯಾರಿಸುವ ನೋಂದಾಯಿತ ಘಟಕಗಳಿಗೆ ಇವುಗಳ ಮೇಲಿನ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯಾಗಿ ದೊರೆಯುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೆ ದೊರೆಯದು. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ ಎಂಬುದನ್ನು ಮರೆಯಬಾರದು.

ಕೊನೆಯದಾಗಿ, ಪ್ರತಿ ಘಟಕವೂ ದಿನಕ್ಕೆ ಮೂರು ಬಾರಿ ಮೂರೂ ಫೇಸುಗಳ ವೋಲ್ಟೇಜನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅವಶ್ಯ. ಒಬ್ಬನ ದೂರು ಕಾಗದವಾಗಿಯೇ ಉಳಿಯಬಹುದು. ಒಂದೇ ಫೀಡರಿನ ಹತ್ತು ಘಟಕಗಳ ಆರು ತಿಂಗಳ ದಾಖಲೆಯನ್ನು ಬೆಸ್ಕಾಂ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಯ ಮುಂದಿಟ್ಟರೆ ಅದು ಸಾಕ್ಷ್ಯವಾಗುತ್ತದೆ. ಇಂತಹ ದಾಖಲೆಗಳನ್ನು ಕ್ರೋಡೀಕರಿಸುವ ಕಾರ್ಯವನ್ನು ವಾಣಿಜ್ಯ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು. ಮೀಟರಿನಿಂದಾಚೆಗಿನ ಹೊಣೆಯನ್ನು ಕಂಪನಿಯಿಂದ ಕೇಳುವ ನೈತಿಕ ಬಲ, ಈಚೆಗಿನ ಹೊಣೆಯನ್ನು ನಿರ್ವಹಿಸಿದವರಿಗೇ ಹೆಚ್ಚು.