‘ನೆಟ್ಟಗೆ ಕೂತ್ಕೊಳ್ಳಿ’ ಎಂದರೆ ಸಾಕೆ?

ಬೋಧನಾಭ್ಯಾಸದ ದಿನಗಳಲ್ಲಿ ನಾವು ಮಕ್ಕಳಿಗೆ ಪದೇ ಪದೇ ಹೇಳುವ ಮಾತುಗಳನ್ನು ಪಟ್ಟಿ ಮಾಡಿದರೆ ‘ಸುಮ್ನಿರಿ’ ಎಂಬುದರ ಪಕ್ಕದಲ್ಲೇ ‘ನೆಟ್ಟಗೆ ಕೂತ್ಕೊಳ್ಳಿ’ ಎಂಬುದೂ ಇರುತ್ತದೆ. ಮಾತು ಕಿವಿಗೆ ಬಿದ್ದ ಕೂಡಲೇ ಇಡೀ ತರಗತಿ ಎದೆ ಉಬ್ಬಿಸಿ, ಸೊಂಟ ಬಿಗಿದು, ಗದ್ದ ಮೇಲೆತ್ತಿ ಕೂರುತ್ತದೆ. ನಾವು ಕಪ್ಪುಹಲಗೆಯ ಕಡೆ ತಿರುಗಿ ಒಂದು ಸಮೀಕರಣ ಬರೆದು ಮುಗಿಸುವಷ್ಟರಲ್ಲಿ ಬೆನ್ನುಗಳೆಲ್ಲ ಮೊದಲಿನಂತೆಯೇ ಬಾಗಿರುತ್ತವೆ. ಇದನ್ನು ಅವಿಧೇಯತೆ ಎನ್ನಲಾಗದು. ಹೇಳಿದ್ದನ್ನು ಮಕ್ಕಳು ಮಾಡಿದರು. ಬಿಗಿ ಹಿಡಿದು ಎಷ್ಟು ಹೊತ್ತು ಕೂರಲು ಸಾಧ್ಯವೋ ಅಷ್ಟು ಹೊತ್ತು ಕೂತರು.

ದೇಹದ ನಿಲುವು ಆಜ್ಞೆಗೆ ಬದಲಾಗುವಂಥದ್ದಲ್ಲ, ಅದೊಂದು ಅಭ್ಯಾಸ. ಅಭ್ಯಾಸವನ್ನು ಗಮನಿಸುವುದು, ಅದು ಶುರುವಾಗುವ ಕ್ಷಣದಲ್ಲಿ ತಡೆಯುವುದು, ಆಮೇಲೆ ಬೇರೆ ದಾರಿ ಹಿಡಿಯುವುದು ಕಲಿತು ಪಡೆಯಬೇಕಾದ ಕೌಶಲ. ಅದನ್ನು ಮಕ್ಕಳಿಗಿಂತ ಮೊದಲು ಪ್ರಶಿಕ್ಷಣಾರ್ಥಿಗಳಾದ ನಾವು ಕಲಿಯಬೇಕು, ನಮ್ಮ ಬೋಧನಾಭ್ಯಾಸದಲ್ಲಿ ಅದಕ್ಕೊಂದು ಜಾಗ ಬೇಕು ಎಂಬುದು ನನ್ನ ಅಭಿಪ್ರಾಯ.

ಈ ವಿಚಾರ ನಮ್ಮ ಪಠ್ಯಕ್ರಮಕ್ಕೆ ಹೊರಗಿನದೇನಲ್ಲ. ಜಾನ್ ಡ್ಯೂಯಿ ಅವರನ್ನು ನಾವೆಲ್ಲ ‘ಮಾಡಿ ಕಲಿ’ ತತ್ತ್ವಕ್ಕಾಗಿ ಓದುತ್ತೇವೆ, ಐದು ಅಂಕದ ಟಿಪ್ಪಣಿ ಬರೆಯುತ್ತೇವೆ. ಅದೇ ಡ್ಯೂಯಿ 1922ರಲ್ಲಿ ಪ್ರಕಟಿಸಿದ ‘ಹ್ಯೂಮನ್ ನೇಚರ್ ಅಂಡ್ ಕಾಂಡಕ್ಟ್’ ಎಂಬ ಪುಸ್ತಕದಲ್ಲಿ ಅಭ್ಯಾಸ ಎಂದರೇನು ಎಂದು ವಿವರಿಸಲು ಆರಿಸಿಕೊಂಡ ಉದಾಹರಣೆ ನಿಲ್ಲುವ ರೀತಿ. ಕೆಟ್ಟದಾಗಿ ನಿಲ್ಲುವವನು ಮನಸ್ಸು ಮಾಡಿದ ಮಾತ್ರಕ್ಕೆ ಸರಿಯಾಗಿ ನಿಲ್ಲಲಾರ, ಹೆಚ್ಚೆಂದರೆ ಕೆಟ್ಟದಾಗಿ ನಿಲ್ಲುವ ಇನ್ನೊಂದು ರೀತಿಗೆ ಬರುತ್ತಾನೆ ಎಂಬುದು ಅವರ ವಾದದ ಸಾರಾಂಶ. ಈ ತಿಳಿವಳಿಕೆಯ ಹಿಂದೆ ಒಬ್ಬ ವ್ಯಕ್ತಿಯ ಪ್ರಭಾವವಿತ್ತು. ಅವರು ಎಫ್. ಎಂ. ಅಲೆಕ್ಸಾಂಡರ್. ಡ್ಯೂಯಿ ಅವರಿಂದ ಸ್ವತಃ ಪಾಠ ಹೇಳಿಸಿಕೊಂಡಿದ್ದರು, ಅವರ ಮೂರು ಪುಸ್ತಕಗಳಿಗೆ ಮುನ್ನುಡಿ ಬರೆದಿದ್ದರು.

ಅಲೆಕ್ಸಾಂಡರ್ 1869ರಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಹುಟ್ಟಿದವರು. ರಂಗದ ಮೇಲೆ ಕಾವ್ಯ ಮತ್ತು ನಾಟಕದ ಭಾಗಗಳನ್ನು ವಾಚಿಸುವುದು ಅವರ ವೃತ್ತಿ. ವಾಚನದ ನಡುವೆ ಗಂಟಲು ಕಟ್ಟುತ್ತಿತ್ತು. ವಿಶ್ರಾಂತಿ ಪಡೆದರೆ ವಾಸಿಯಾಗುತ್ತಿತ್ತು, ಮತ್ತೆ ರಂಗಕ್ಕೆ ಬಂದರೆ ಮತ್ತೆ ಅದೇ ತೊಂದರೆ. ವಾಚಿಸುವಾಗ ತಾನು ಮಾಡುತ್ತಿರುವ ಯಾವುದೋ ಕ್ರಿಯೆಯೇ ಇದಕ್ಕೆ ಕಾರಣವಿರಬೇಕು ಎಂದು ಊಹಿಸಿದ ಅವರು ಕನ್ನಡಿಗಳ ಮುಂದೆ ನಿಂತು ತಮ್ಮನ್ನೇ ಗಮನಿಸತೊಡಗಿದರು. ಬಾಯಿ ತೆರೆಯುವ ಮುನ್ನವೇ ಮೂರು ಸಂಗತಿ ನಡೆಯುತ್ತಿದ್ದವು: ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು, ಧ್ವನಿಪೆಟ್ಟಿಗೆ ಕೆಳಕ್ಕೆ ಒತ್ತಿಹೋಗುತ್ತಿತ್ತು, ಉಸಿರನ್ನು ಸದ್ದಾಗುವಂತೆ ಬಾಯಿಯಿಂದ ಎಳೆದುಕೊಳ್ಳುತ್ತಿದ್ದರು. ಸರಿಪಡಿಸಲು ತಲೆಯನ್ನು ಮುಂದಕ್ಕೆ ಇಟ್ಟು ವಾಚಿಸಿದರು. ಸರಿಯಾಗಿದೆ ಎಂದೇ ಅನಿಸಿತು. ಆದರೆ ಕನ್ನಡಿ ಬೇರೆಯದನ್ನು ಹೇಳಿತು: ತಲೆ ಈಗಲೂ ಹಿಂದಕ್ಕೇ ಹೋಗುತ್ತಿತ್ತು.

ಶಿಕ್ಷಕರಿಗೆ ಇದರಲ್ಲಿ ಎರಡು ಪಾಠಗಳಿವೆ. ಒಂದು, ನಮ್ಮ ದೇಹ ಏನು ಮಾಡುತ್ತಿದೆ ಎಂಬ ಅನಿಸಿಕೆಯನ್ನು ಪೂರ್ತಿ ನಂಬುವಂತಿಲ್ಲ. ರೂಢಿಯಾದದ್ದು ‘ಸರಿ’ ಎನಿಸುತ್ತದೆ, ಹೊಸದು ‘ತಪ್ಪು’ ಎನಿಸುತ್ತದೆ. ತರಗತಿಯಲ್ಲೇ ಇದನ್ನು ಪರೀಕ್ಷಿಸಬಹುದು. ಎರಡೂ ಕೈಗಳ ಬೆರಳುಗಳನ್ನು ಹೆಣೆದುಕೊಳ್ಳಿ. ಯಾವ ಹೆಬ್ಬೆರಳು ಮೇಲಿದೆ ನೋಡಿ. ಈಗ ಇನ್ನೊಂದು ಹೆಬ್ಬೆರಳು ಮೇಲೆ ಬರುವಂತೆ ಎಲ್ಲ ಬೆರಳುಗಳನ್ನೂ ಬದಲಿಸಿ ಹೆಣೆಯಿರಿ. ಕೈ ತನ್ನದಲ್ಲವೇನೋ ಎನಿಸುತ್ತದೆ. ಈ ಹೆಣಿಗೆಯಲ್ಲಿ ದೋಷವೇನೂ ಇಲ್ಲ, ಪರಿಚಯವಿಲ್ಲ ಅಷ್ಟೇ. ಎರಡು, ಗುರಿಯ ಮೇಲೆ ಮಾತ್ರ ಕಣ್ಣಿಟ್ಟು ಧಾವಿಸಿದರೆ ಹಳೆಯ ಅಭ್ಯಾಸವೇ ಗೆಲ್ಲುತ್ತದೆ. ಅಲೆಕ್ಸಾಂಡರ್ ಕಂಡುಕೊಂಡ ಉಪಾಯವೆಂದರೆ ಮಾತನಾಡಬೇಕು ಎಂಬ ಪ್ರಚೋದನೆ ಬಂದಾಗ ಮೊದಲು ತಡೆದು ನಿಲ್ಲುವುದು, ಕತ್ತಿನ ಬಿಗಿ ಸಡಿಲವಾಗಲಿ ಎಂದು ಮನಸ್ಸಿನಲ್ಲೇ ಸೂಚನೆ ಕೊಡುವುದು, ಆಮೇಲೆ ಮಾತನಾಡುವುದು ಅಥವಾ ಮಾತನಾಡದಿರುವುದು. ಗುರಿಗಿಂತ ದಾರಿಯ ಕಡೆಗೆ ಗಮನ ಕೊಡುವುದನ್ನೇ ಅವರು 1923ರ ತಮ್ಮ ಪುಸ್ತಕದಲ್ಲಿ ಪ್ರಜ್ಞಾಪೂರ್ವಕ ನಿಯಂತ್ರಣ ಎಂದು ವಿವರಿಸಿದರು.

ವಿಜ್ಞಾನ ಬೋಧಿಸುವ ನಮಗೆ ಕತ್ತಿನ ಮಹತ್ವ ಸುಲಭವಾಗಿ ಅರ್ಥವಾಗಬೇಕು. ತಲೆಬುರುಡೆಯು ಬೆನ್ನೆಲುಬಿನ ಮೊದಲ ಮೂಳೆಯ ಮೇಲೆ ಕೂತಿರುವ ವ್ಯವಸ್ಥೆ ಮೊದಲನೇ ವರ್ಗದ ಸನ್ನೆಗೆ ದೇಹದಲ್ಲಿ ಸಿಗುವ ಒಳ್ಳೆಯ ಉದಾಹರಣೆ. ಕೀಲು ಆಧಾರಬಿಂದು. ವಯಸ್ಕರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ, ಅದರ ಗುರುತ್ವ ಕೇಂದ್ರ ಕೀಲಿಗಿಂತ ಸ್ವಲ್ಪ ಮುಂದಿದೆ. ಹಿಂಭಾಗದ ಸ್ನಾಯುಗಳು ಅದನ್ನು ತೂಗಿಸುತ್ತವೆ. ತಲೆ ಬಾಗಿದಷ್ಟೂ ಭಾರದ ಬಾಹು ಉದ್ದವಾಗುತ್ತದೆ, ಸ್ನಾಯುಗಳು ಹೆಚ್ಚು ಬಲ ಹಾಕಬೇಕಾಗುತ್ತದೆ. ನೋಟ್‌ಬುಕ್ಕಿನ ಮೇಲೆ ಬಾಗಿದ ಮಗುವಿಗೂ ಮೊಬೈಲ್ ನೋಡುತ್ತ ಪಾಠಯೋಜನೆ ಬರೆಯುವ ನಮಗೂ ಲೆಕ್ಕ ಒಂದೇ.

ಇನ್ನು ನಮ್ಮ ಕಸುಬಿಗೆ ಬರೋಣ. ಬೋಧನಾಭ್ಯಾಸ ಶುರುವಾಗಿ ಎರಡು ವಾರ ಕಳೆಯುವುದರೊಳಗೆ ನಮ್ಮ ತಂಡದಲ್ಲಿ ಹಲವರ ಗಂಟಲು ಕಟ್ಟಿತ್ತು. ಕೈಗೊಂದು ಬಿಸಿನೀರಿನ ಬಾಟಲಿ, ಬಾಯಲ್ಲಿ ಕಲ್ಲುಸಕ್ಕರೆ. ಅರವತ್ತು ಮಕ್ಕಳ ಕೋಣೆ, ಪಕ್ಕದ ತರಗತಿಯ ಸದ್ದು, ಸೀಮೆಸುಣ್ಣದ ಧೂಳು, ನೀರು ಕುಡಿಯದಿರುವುದು ಎಲ್ಲವೂ ಕಾರಣವೇ. ಎರಡು ಮೂರು ವಾರವಾದರೂ ಧ್ವನಿ ಸರಿಹೋಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಆದರೆ ಹಿಂದಿನ ಬೆಂಚಿನಲ್ಲಿ ಕೂತು ಸಹಪಾಠಿಗಳ ಪಾಠ ಅವಲೋಕಿಸುವಾಗ ನನಗೆ ಕಂಡದ್ದು ಇನ್ನೊಂದಿದೆ. ದನಿ ಏರಿಸುವ ಮುನ್ನ ಬಹುತೇಕರ ಗದ್ದ ಮುಂದಕ್ಕೆ ಚಾಚುತ್ತದೆ, ಭುಜ ಕಿವಿಯ ಕಡೆಗೆ ಏರುತ್ತದೆ. ತಪ್ಪು ಉತ್ತರ ಬಂದಾಗ ಇದು ಇನ್ನೂ ಹೆಚ್ಚು.

ನಮ್ಮ ಅವಲೋಕನ ನಮೂನೆಯಲ್ಲಿ ನಿಲುವು ಮತ್ತು ಚಲನೆಗೆ ಒಂದು ಸಾಲಿದೆ, ಅಂಕವೂ ಇದೆ. ಅಲ್ಲಿ ಬರುವ ಹಿಮ್ಮಾಹಿತಿ ಸಾಮಾನ್ಯವಾಗಿ ‘ನಿಲುವು ಸುಧಾರಿಸಿಕೊಳ್ಳಿ’ ಎಂದು. ಇದು ‘ನೆಟ್ಟಗೆ ಕೂತ್ಕೊಳ್ಳಿ’ ಎಂಬುದರ ಬರವಣಿಗೆಯ ರೂಪ. ಮರುದಿನ ಪ್ರಶಿಕ್ಷಣಾರ್ಥಿ ಸೈನಿಕನಂತೆ ಸೆಟೆದು ನಿಲ್ಲುತ್ತಾರೆ, ಅಂಕ ಬರುತ್ತದೆ, ಉಸಿರು ಮೊಟಕಾಗುತ್ತದೆ. ಅದರ ಬದಲು ‘ಹಲಗೆಯ ಮೇಲ್ಭಾಗದಲ್ಲಿ ಬರೆಯುವಾಗ ಬಲಭುಜ ಏರುತ್ತದೆ’, ‘ಪ್ರಶ್ನೆ ಕೇಳುವಾಗ ಗದ್ದ ಚಾಚುತ್ತದೆ’ ಎಂದು ಕಂಡದ್ದನ್ನು ಕಂಡಹಾಗೆ ಬರೆದರೆ ಅದು ಅಲೆಕ್ಸಾಂಡರ್‌ಗೆ ಕನ್ನಡಿ ಮಾಡಿದ ಕೆಲಸವನ್ನು ನಮಗೆ ಮಾಡುತ್ತದೆ.

ತಡೆದು ನಿಲ್ಲುವ ಆ ಕ್ಷಣ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು. ಅದು ಸೂಕ್ಷ್ಮ ಬೋಧನೆಯಲ್ಲಿ ನಮಗೆ ಈಗಾಗಲೇ ಸಿಕ್ಕಿದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರ ಸಂಖ್ಯೆಯೂ ಹೆಚ್ಚುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಆ ಮೂರು ಸೆಕೆಂಡು ಮಗುವಿಗೆ ಯೋಚಿಸಲು. ಅದೇ ಮೂರು ಸೆಕೆಂಡು ಶಿಕ್ಷಕರಿಗೆ ತಮ್ಮ ಕತ್ತು, ಭುಜ, ಉಸಿರನ್ನು ಗಮನಿಸಿಕೊಳ್ಳಲು. ಇದಕ್ಕೆ ಪ್ರತ್ಯೇಕ ಅವಧಿ ಬೇಡ.

ಆಕ್ಷೇಪಣೆಗಳಿವೆ. ಅಭ್ಯಾಸವೆಂದರೆ ಯೋಚಿಸದೆ ನಡೆಯಬೇಕಾದದ್ದು, ವಿವರಗಳನ್ನು ಅಭ್ಯಾಸಕ್ಕೆ ಬಿಟ್ಟಷ್ಟೂ ಮನಸ್ಸು ಮೇಲಿನ ಕೆಲಸಕ್ಕೆ ಬಿಡುವಾಗುತ್ತದೆ ಎಂದು ವಿಲಿಯಂ ಜೇಮ್ಸ್ 1890ರಷ್ಟು ಹಿಂದೆಯೇ ವಾದಿಸಿದ್ದರು. ಪಾಠದ ನಡುವೆ ಪ್ರತಿ ಹೆಜ್ಜೆಯನ್ನೂ ಯೋಚಿಸುತ್ತ ಹೋದರೆ ಪಾಠವೇ ತಪ್ಪುತ್ತದೆ ಎಂಬುದು ನಿಜ. ಆದರೆ ಬೇಕಾಗಿರುವುದು ನಿರಂತರ ಕಾವಲಲ್ಲ. ಕೆಲವು ನಿಶ್ಚಿತ ಕ್ಷಣಗಳಲ್ಲಿ ನಿಂತು ನೋಡುವುದು. ಜೇಮ್ಸ್ ಹೇಳುವ ಒಳ್ಳೆಯ ಅಭ್ಯಾಸ ಬೇರೂರುವ ಮೊದಲು ಹಳೆಯದನ್ನು ಗುರುತಿಸಲೇಬೇಕಲ್ಲ?

ಎರಡನೆಯದು ಪುರಾವೆಯ ಪ್ರಶ್ನೆ. ಅಲೆಕ್ಸಾಂಡರ್ ತರಬೇತಾದ ವಿಜ್ಞಾನಿಯಲ್ಲ. ಅವರ 1910ರ ಪುಸ್ತಕದಲ್ಲಿ ಜನಾಂಗಗಳ ಬಗ್ಗೆ ಇಂದು ಒಪ್ಪಲಾಗದ ಮಾತುಗಳಿವೆ. ಅವರ ಎಲ್ಲ ದಾವೆಗಳನ್ನೂ ನಾವು ಹೊರಬೇಕಾಗಿಲ್ಲ. ಆದರೆ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ದೀರ್ಘಕಾಲದ ಸೊಂಟನೋವಿದ್ದ 579 ಜನರ ಪ್ರಯೋಗದಲ್ಲಿ, ಈ ವಿಧಾನದ 24 ಪಾಠ ಪಡೆದವರಿಗೆ ವರ್ಷದ ನಂತರ ನಾಲ್ಕು ವಾರಗಳಲ್ಲಿ ನೋವಿದ್ದ ದಿನಗಳು 3. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗೆ 21. ಇದು ನೋವಿದ್ದ ವಯಸ್ಕರಿಗೆ, ನುರಿತ ಬೋಧಕರು ಕೊಟ್ಟ ಪಾಠದ ಫಲ. ಮಕ್ಕಳಿಗೆಲ್ಲ ಇದೇ ಆಗುತ್ತದೆ ಎಂದು ಇದರಿಂದ ಹೇಳುವಂತಿಲ್ಲ. ಚಲನೆಯ ಅಭ್ಯಾಸವನ್ನು ಕಲಿಕೆಯಿಂದ ಬದಲಿಸಬಹುದು ಎಂದಷ್ಟು ಹೇಳಬಹುದು.

ಯೋಗ ಇದೆಯಲ್ಲ ಎಂಬುದು ಮೂರನೆಯ ಮಾತು. ಯೋಗದ ಅವಧಿ ಬೇಕು. ಆದರೆ ಚಾಪೆಯ ಮೇಲಿನ ಗಮನ ಬೆಂಚಿಗೆ ಬರದಿದ್ದರೆ ಉಳಿದ ಐದು ಗಂಟೆ ಹಳೆಯ ಅಭ್ಯಾಸದ ಪಾಲಾಗುತ್ತದೆ.

ಎಲ್ಲವೂ ಪ್ರಜ್ಞೆಯಿಂದಲೇ ಸರಿಹೋಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ಎಂಟನೇ ತರಗತಿಯಲ್ಲಿ ಎತ್ತರದಲ್ಲಿ ಒಂದು ಅಡಿ ವ್ಯತ್ಯಾಸವಿರುವ ಮಕ್ಕಳು ಒಂದೇ ಅಳತೆಯ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬನ ಮೊಣಕಾಲು ಡೆಸ್ಕಿಗೆ ತಾಗುತ್ತದೆ, ಇನ್ನೊಬ್ಬಳ ಪಾದ ನೆಲ ಮುಟ್ಟುವುದಿಲ್ಲ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಬ್ಯಾಗಿನ ತೂಕ ಮಗುವಿನ ತೂಕದ ಶೇ. 10ನ್ನು ಮೀರಬಾರದು ಎನ್ನುತ್ತದೆ. 35 ಕಿಲೋ ಮಗುವಿಗೆ ಮೂರೂವರೆ ಕಿಲೋ. ವಿಜ್ಞಾನದ ತರಗತಿಯಲ್ಲಿ ಒಂದು ತಕ್ಕಡಿ ತಂದು ಅಳೆಸಿದರೆ ಶೇಕಡಾವಾರು ಲೆಕ್ಕವೂ ಆಗುತ್ತದೆ, ಸತ್ಯವೂ ತಿಳಿಯುತ್ತದೆ. ಬೆನ್ನುಮೂಳೆ ಹುಟ್ಟಿನಿಂದಲೇ ಓರೆಯಿರುವ ಮಗುವೂ ಆ ಬೆಂಚಿನಲ್ಲಿರಬಹುದು. ಎಲ್ಲರೆದುರು ‘ನೆಟ್ಟಗೆ’ ಎಂದು ಹೇಳಿಸಿಕೊಳ್ಳುವುದು ಆ ಮಗುವಿಗೆ ಶಿಕ್ಷೆಯೇ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಓದಿದ್ದು ಇಂಥಲ್ಲಿ ನೆನಪಾಗಬೇಕು.

ನನ್ನ ಸಲಹೆಗಳು ಮೂರು. ಸೂಕ್ಷ್ಮ ಬೋಧನೆಯ ಒಂದು ಪಾಠವನ್ನಾದರೂ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಧ್ವನಿ ತೆಗೆದು, ಚಲನೆಯನ್ನಷ್ಟೇ ನೋಡಿ ಸಹಪಾಠಿಗಳೊಂದಿಗೆ ಚರ್ಚಿಸಬೇಕು. ಅವಲೋಕನ ನಮೂನೆಯ ನಿಲುವಿನ ಸಾಲಿನಲ್ಲಿ ಅಂಕದ ಬದಲು ಕಂಡದ್ದರ ವಿವರಣೆ ಬರಬೇಕು. ಮಕ್ಕಳಿಗೆ ‘ನೆಟ್ಟಗೆ ಕೂತ್ಕೊಳ್ಳಿ’ ಎನ್ನುವ ಬದಲು ‘ಒಮ್ಮೆ ಎದ್ದು ನಿಂತು ಕೂತ್ಕೊಳ್ಳಿ, ಪಾದ ಎಲ್ಲಿದೆ ನೋಡ್ಕೊಳ್ಳಿ’ ಎನ್ನಬೇಕು. ಮೊದಲನೆಯದು ಆಜ್ಞೆ, ಎರಡನೆಯದು ಮಗು ತನ್ನನ್ನು ತಾನು ನೋಡಿಕೊಳ್ಳಲು ಕೊಡುವ ಅವಕಾಶ. ಮೂವತ್ತು ವರ್ಷ ನಿಂತು ಮಾತನಾಡುವ ಕಸುಬಿಗೆ ಸಿದ್ಧರಾಗುತ್ತಿರುವ ನಮಗೆ ಆ ಅವಕಾಶ ತರಬೇತಿಯಲ್ಲೇ ಸಿಗಬೇಕು. ಬೆನ್ನು ನೋಯಲು, ಗಂಟಲು ಒಡೆಯಲು ಶುರುವಾದ ಮೇಲೆ ಅದು ಚಿಕಿತ್ಸೆಯಾಗುತ್ತದೆ, ಕಲಿಕೆಯಾಗಿ ಉಳಿಯುವುದಿಲ್ಲ.